ರಟ್ಟಕ್ಕನ ಒಂಬತ್ತನೇ ಫಾರಂ

ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಕೋಣೆಗೂ ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಗೂ ನಡುವೆ ಬೈಂಡಿಂಗ್ ವಿಭಾಗವಿದೆ. ವಿಭಾಗ ಎಂದರೆ ದೊಡ್ಡ ಮಾತಾಯಿತು. ಒಂದು ಉದ್ದನೆಯ ಮೇಜು, ಕೈಯಿಂದ ತಿರುಗಿಸಿ ಬಿಗಿ ಮಾಡುವ ಪ್ರೆಸ್ಸು, ಕಾಗದ ಕತ್ತರಿಸುವ ಮಷೀನು, ಅಂಟಿನ ಡಬ್ಬಿ ಮತ್ತು ರಟ್ಟಕ್ಕ, ಇಷ್ಟೇ ಆ ವಿಭಾಗ. ಪುಸ್ತಕದ ಹೊರಗಿನ ಗಟ್ಟಿ ರಟ್ಟಿನ ಜೊತೆ ದಿನವಿಡೀ ಗುದ್ದಾಡುವವಳಾದ್ದರಿಂದ ಯಾರೋ ಗುಮಾಸ್ತರು ಇಟ್ಟ ಹೆಸರು ಅದು. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅದನ್ನು ಹಿಡಿದು ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೆಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು.

ರಟ್ಟಕ್ಕನಿಗೆ ಐವತ್ತೆರಡು ವರ್ಷ, ಮತ್ತು ಒಂದೇ ಒಂದು ಜಂಬ. ದೊಡ್ಡ ಹಾಳೆಯನ್ನು ಮಡಚಿ ಮಡಚಿ ಹದಿನಾರು ಪುಟ ಮಾಡಿದರೆ ಅದಕ್ಕೆ ಫಾರಂ ಅನ್ನುತ್ತಾರೆ. ಇಂಥ ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. "ಇಪ್ಪತ್ತಾರು ವರ್ಷ," ಎನ್ನುವಳು ರಟ್ಟಕ್ಕ, ದಬ್ಬಳವನ್ನು ಎತ್ತಿ ಹಿಡಿದು, "ನನ್ನ ಕೈಯಲ್ಲಿ ಒಂದು ಫಾರಂ ಹಿಂದುಮುಂದಾಗಿಲ್ಲ." ಇದನ್ನು ಲೈಬ್ರೇರಿಯನ್ನರಿಗೆ ಹೇಳಿದ್ದಳು, ಪಂಪು ರಿಪೇರಿಗೆ ಬಂದವನಿಗೆ ಹೇಳಿದ್ದಳು, ದಾರಿ ತಪ್ಪಿ ಕೆಳಗಿಳಿದು ಬಂದ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಹೇಳಿದ್ದಳು. ಶೌಚಾಲಯ ಎಲ್ಲಿ ಎಂದು ಕೇಳಲು ಬಂದವರಿಗೆ ಅಷ್ಟು ಹೊತ್ತು ನಿಲ್ಲುವುದು ಕಷ್ಟ. ರಟ್ಟಕ್ಕ ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವಳಲ್ಲ.

ಇಂಥವಳು ಇಟಾಲಿಯನ್ ಕಲಿಯಲು ಹೋದದ್ದು ಜ್ಞಾನದಾಹದಿಂದ ಎಂದು ನೀವು ತಿಳಿದರೆ ಅವಳಿಗೆ ಸಂತೋಷವಾದೀತು. ಆದರೆ ನಡೆದದ್ದು ಹಾಗಲ್ಲ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಇಟಾಲಿಯನ್ ವಿಭಾಗದ ಮೇಡಂ ಬೆನ್ನು ಕಿತ್ತುಹೋದ ಎರಡು ನಿಘಂಟು ಹಿಡಿದುಕೊಂಡು ಕೆಳಗೆ ಬಂದರು. ಮೇಡಂ ಸಣ್ಣ ಆಳು, ಮಾತಾಡುವಾಗ ಎರಡೂ ಕೈ ಗಾಳಿಯಲ್ಲೇ ಇರುತ್ತಿದ್ದವು. ಆ ಭಾಷೆ ಕಲಿತದ್ದಕ್ಕೆ ಕೈ ಹಾಗಾದವೋ, ಕೈ ಹಾಗಿದ್ದದ್ದಕ್ಕೆ ಆ ಭಾಷೆ ಹಿಡಿದರೋ ಗೊತ್ತಿಲ್ಲ. ಅವತ್ತು ಮಾತ್ರ ಕೈ ಎರಡೂ ಕೆಳಗೆ ಜೋತುಬಿದ್ದಿದ್ದವು.

"ಯಾಕ್ ಮೇಡಂ, ಹುಷಾರಿಲ್ವಾ?"

"ರಿಜಿಸ್ಟರಲ್ಲಿ ಹತ್ತು ಹೆಸರಿಲ್ಲ ಅಂದ್ರೆ ವಿಭಾಗ ಮುಚ್ತಾರಂತೆ, ರಟ್ಟಕ್ಕ. ನಂಗೆ ಒಂಬತ್ತು ಸಿಕ್ಕಿದೆ. ನಾಳೆ ಕೊನೇ ದಿನ."

"ನೌಕರರೂ ಸೇರ್ಬಹುದಲ್ವಾ ಸಂಜೆ ಕ್ಲಾಸಿಗೆ?"

"ಸೇರ್ಬಹುದು. ಯಾರು ಸೇರ್ತಾರೆ?"

"ನನ್ ಹೆಸರು ಬರ್ಕೊಳ್ಳಿ. ಎಣಿಸೋಕೆ ತಲೆ ತಾನೇ ಬೇಕಾಗಿರೋದು? ಒಳಗೆ ಏನಿದೆ ಅಂತ ಯಾರು ನೋಡ್ತಾರೆ?"

ಹೀಗೆ ಒಂದು ತಲೆಯಾಗಿ ಒಳಗೆ ಹೋದವಳು ಮೊದಲ ವಾರದಲ್ಲೇ ಗಂಟು ಬಿದ್ದಳು. ಆ ಭಾಷೆಯ ಮಾತುಗಳು ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲೇ ಮುಗಿಯುತ್ತವೆಂದು ಗೊತ್ತಾದಾಗ ಅವಳಿಗೆ ದೂರದ ನೆಂಟರು ಸಿಕ್ಕಷ್ಟು ಖುಷಿ. "ನಮ್ ಹಾಗೇ ರೀ," ಎಂದಳು ಗಂಡನಿಗೆ, "ಬಾಯಿ ಮುಚ್ಚದೇನೇ ಮಾತು ಮುಗಿಸ್ತಾರೆ."

ಗಂಡ ಮನೆಯ ಮುಂಭಾಗದ ಕೋಣೆಯಲ್ಲೇ ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುತ್ತಿದ್ದ. ತಲೆ ಎತ್ತದೆ ಅಂದ, "ನಿಂಗೆ ಹೇಳಿ ಮಾಡಿಸಿದ ಭಾಷೆ ಹಾಗಾದ್ರೆ."

ಅತ್ತೆ ಮಾತ್ರ ಮೂಗು ಮುರಿದರು. "ಈ ವಯಸ್ಸಲ್ಲಿ ಹೊಸ ಭಾಷೆ ಕಲ್ತು ಯಾರ ಹತ್ರ ಮಾತಾಡ್ತೀಯೆ? ನನ್ ಹತ್ರ ಎರಡು ಮಾತಾಡೋಕೇ ನಿಂಗೆ ಪುರುಸೊತ್ತಿಲ್ಲ." ಹೀಗಂದವರು ಒಂದು ತಿಂಗಳಾಗುವಷ್ಟರಲ್ಲಿ, ಸೊಸೆ ಬಟ್ಟೆ ಮಡಚುತ್ತ ಕ್ರಿಯಾಪದ ಬಾಯಿಪಾಠ ಮಾಡುವಾಗ ಪಕ್ಕದಲ್ಲಿ ಕೂತು ತಪ್ಪು ಹಿಡಿಯತೊಡಗಿದರು. ಅರ್ಥ ಒಂದೂ ಗೊತ್ತಿರಲಿಲ್ಲ. "ನಿನ್ನೆ ಹೀಗೆ ಅಂದಿರ್ಲಿಲ್ಲ ನೀನು," ಎನ್ನುವರು. ಅವರು ಹೇಳಿದ್ದು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು.

ತರಗತಿಯಲ್ಲಿ ರಟ್ಟಕ್ಕ ಒಂದು ಕಾಟವೇ ಆದಳು. ಸಂಸ್ಕೃತಿಯ ಪಾಠಕ್ಕೆಂದು ಮೇಡಂ ಪರದೆಯ ಮೇಲೆ ಹಳೆಯ ಚರ್ಚುಗಳ ಚಿತ್ರ ತೋರಿಸುವರು. ರೆಕ್ಕೆಯ ದೇವದೂತ, ಮುಗಿಲು, ಬಂಗಾರದ ಬೆಳಕು. ಹುಡುಗ ಹುಡುಗಿಯರು ಬಾಯಿ ಬಿಟ್ಟು ನೋಡುತ್ತಿದ್ದರೆ ಹಿಂದಿನ ಬೆಂಚಿನಿಂದ ದನಿ ಬರುತ್ತಿತ್ತು: "ಮೇಡಂ, ಆ ದೇವದೂತನ ಕೈಯಲ್ಲಿರೋ ಪುಸ್ತಕದ ಬೆನ್ನು ಸಡಿಲ. ಇನ್ನೊಂದು ವರ್ಷ ತಡೆಯಲ್ಲ." ಮೇಡಂ ನಗುವರು. ಆಮೇಲಾಮೇಲೆ ಯಾವ ಚಿತ್ರ ಬಂದರೂ ಎಲ್ಲರೂ ಮೊದಲು ಪುಸ್ತಕ ಹುಡುಕಿ, ಬೆನ್ನು ನೋಡಿ, ರಟ್ಟಕ್ಕನ ಕಡೆ ತಿರುಗುತ್ತಿದ್ದರು. ಅವಳು ನ್ಯಾಯಾಧೀಶರ ಗತ್ತಿನಲ್ಲಿ ತಲೆ ಆಡಿಸಿದ ಮೇಲೆಯೇ ಪಾಠ ಮುಂದುವರಿಯುತ್ತಿತ್ತು.

ಮೂರನೇ ವರ್ಷ ಸಾಹಿತ್ಯದ ಪೇಪರಿಗೆ ಒಂದು ಕಾದಂಬರಿ. ಬರೆದವನು ಬದುಕಿನಲ್ಲಿ ಅದೊಂದನ್ನೇ ಬರೆದು ಸುಮ್ಮನಾದವನು. ಎಲ್ಲೂ ಮರುಮುದ್ರಣವಿಲ್ಲ. ಹಳೆಯ ಪ್ರೊಫೆಸರೊಬ್ಬರು ಆ ದೇಶದಿಂದ ತಂದು ಕೊಟ್ಟ ಒಂದೇ ಪ್ರತಿ ಲೈಬ್ರರಿಯಲ್ಲಿತ್ತು; ಅದರ ಜೆರಾಕ್ಸು ಹಿಡಿದು ಎಲ್ಲರೂ ಓದಬೇಕು. ಕತೆ ಸರಳ. ಕಡಲ ದಂಡೆಯ ಊರು, ದೋಣಿ ಕಟ್ಟುವ ಅಪ್ಪ, ವರ್ಷದಿಂದ ಅವನ ಜೊತೆ ಮಾತು ಬಿಟ್ಟ ಮಗಳು. ಒಂದು ದಿನ ಅಪ್ಪ ಸಮುದ್ರದಲ್ಲಿ ಸಾಯುತ್ತಾನೆ, ಮಣ್ಣಾಗುತ್ತಾನೆ. ಆಮೇಲೆ ಅದೇ ಸತ್ತ ಅಪ್ಪ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಮಗಳ ಮನೆಗೆ ಊಟಕ್ಕೆ ಬರುತ್ತಾನೆ, ಸೂಪಿಗೆ ಉಪ್ಪಿಲ್ಲವೆಂದು ಜಗಳ ತೆಗೆಯುತ್ತಾನೆ, ಇಬ್ಬರೂ ನಕ್ಕು ರಾಜಿಯಾಗುತ್ತಾರೆ. ಈ ಭಾಗದಲ್ಲಿ ಮೂರು ಕಡೆ ವಾಕ್ಯ ಅರ್ಧಕ್ಕೇ ನಿಂತು, ಸಂಬಂಧವಿಲ್ಲದ ಇನ್ನೊಂದು ಅರ್ಧ ಶುರುವಾಗುತ್ತದೆ.

ಈ ಪುಸ್ತಕ ಬಂತೆಂದರೆ ಮೇಡಂ ಕೈಗಳನ್ನು ಹಿಡಿಯುವವರೇ ಇಲ್ಲ. "ಮೂರು ಮುರಿತಗಳು!" ಎನ್ನುವರು. "ದುಃಖ ಅನ್ನೋದು ಕಾಲಾನ ಮುರಿಯುತ್ತೆ. ವಾಕ್ಯಾನೂ ಮುರಿಯುತ್ತೆ. ಮುರಿದ ಜಾಗದಿಂದ ಸತ್ತವರು ಒಳಗೆ ಬರ್ತಾರೆ. ಯಾವ ಲೇಖಕ ಇಂಥ ಧೈರ್ಯ ಮಾಡಿದ್ದಾನೆ ಹೇಳಿ?" ಹದಿನೇಳು ವರ್ಷದಿಂದ ಇದನ್ನೇ ಪಾಠ ಮಾಡಿದ್ದರು, ಇದರ ಮೇಲೆ ದೊಡ್ಡ ಲೇಖನ ಬರೆದಿದ್ದರು. ಆ ಲೇಖನ ಓದಿ ಮೆಚ್ಚಿದ ಬೇರೆ ವಿಶ್ವವಿದ್ಯಾಲಯದ ಹಿರಿಯ ಪ್ರೊಫೆಸರೊಬ್ಬರು ಈ ಸಲ ಮೌಖಿಕ ಪರೀಕ್ಷೆಗೆ ಪರೀಕ್ಷಕರಾಗಿ ಬರುವವರಿದ್ದರು. ವಿಭಾಗ ಇರಬೇಕೋ ಬೇಡವೋ ಎಂದು ಮೇಲಿನವರು ಅವರ ಅಭಿಪ್ರಾಯವನ್ನೂ ಕೇಳಿದ್ದರಂತೆ.

ಪರೀಕ್ಷೆಗೆ ಎರಡು ವಾರವಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು, ಬೈಂಡಿಂಗ್ ಮೇಜಿನ ಮೇಲೆ ಜೆರಾಕ್ಸು ಹರಡಿಕೊಂಡು ರಟ್ಟಕ್ಕ ಮೂರು ಮುರಿತಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಮೂಲ ಪುಸ್ತಕದಲ್ಲಿ ಪುಟಸಂಖ್ಯೆ ಇರಲಿಲ್ಲ. ಎಲ್ಲರೂ ಮೊದಲ ಹಾಳೆಯಿಂದ ಎಣಿಸಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಮೊದಲ ಮುರಿತ ನೂರಿಪ್ಪತ್ತೆಂಟನೇ ಪುಟದ ಕೊನೆಗೆ. ಎರಡನೆಯದು ನೂರಾ ನಲವತ್ತನಾಲ್ಕರ ಕೊನೆಗೆ. ಮೂರನೆಯದು ನೂರಾ ಅರವತ್ತು.

ರಟ್ಟಕ್ಕ ಇನ್ನೊಮ್ಮೆ ಹೇಳಿಕೊಂಡಳು. ನೂರಿಪ್ಪತ್ತೆಂಟು, ನೂರಾ ನಲವತ್ತನಾಲ್ಕು, ನೂರಾ ಅರವತ್ತು. ಆಮೇಲೆ ಬೆರಳು ಮಡಚಿ ಎಣಿಸಿದಳು.

ಮೂರೂ ಹದಿನಾರರ ಮಗ್ಗಿಯಲ್ಲಿ ಬರುವ ಸಂಖ್ಯೆಗಳು.

ಪ್ರೊಫೆಸರುಗಳಿಗೆ ಹದಿನಾರು ಎಂಬುದು ಬರೀ ಒಂದು ಸಂಖ್ಯೆ. ರಟ್ಟಕ್ಕನಿಗೆ ಅದು ಕೈಗೆ ಅಂಟಿದ ಅಳತೆ. ಎಷ್ಟೇ ದುಃಖವಾಗಿದ್ದರೂ ಯಾವ ಲೇಖಕನೂ ಸರಿಯಾಗಿ ಫಾರಂ ಮುಗಿಯುವ ಜಾಗದಲ್ಲೇ, ಅದೂ ಮೂರು ಸಲ, ವಾಕ್ಯ ಮುರಿಯುವುದಿಲ್ಲ. ಅಷ್ಟು ಅಳೆದು ಮುರಿಯುವವರು ಬೈಂಡರುಗಳು ಮಾತ್ರ. ಎರಡು ಫಾರಂ ಅದಲುಬದಲಾದರೆ ಸರಿಯಾಗಿ ಮೂರು ಕಡೆ ಕೊಂಡಿ ತಪ್ಪುತ್ತದೆ: ಮೊದಲನೆಯದಕ್ಕೆ ಮುಂಚೆ, ಎರಡರ ನಡುವೆ, ಎರಡನೆಯದರ ಆಮೇಲೆ.

"ಯಾವ ಬೇಜವಾಬ್ದಾರಿ ಮನುಷ್ಯ ಹೊಲಿದಿದ್ದಪ್ಪ ಇದನ್ನ," ಎಂದು ಗಟ್ಟಿಯಾಗಿ ಬೈದುಕೊಂಡೇ ಅವಳು ಮೇಲೆ ಹೋಗಿ, ಬೆನ್ನು ಸಡಿಲವಾಗಿದೆ ಎಂದು ಸುಳ್ಳು ಹೇಳಿ ಪುಸ್ತಕವನ್ನು ಕೆಳಗೆ ತಂದಳು. ನಡುವೆ ಬಿಡಿಸಿ ಹೊಲಿಗೆ ನೋಡಿದಳು. ದಾರದ ತುದಿಯಲ್ಲಿ ಎರಡು ಸುತ್ತಿನ ಗಂಟು, ಬಾಲ ಎಡಕ್ಕೆ ಬಾಗಿದ್ದು. ನಮ್ಮ ಅಕ್ಷರವನ್ನು ನಾವು ಗುರುತಿಸುವ ಹಾಗೆ ರಟ್ಟಕ್ಕ ಆ ಗಂಟನ್ನು ಗುರುತಿಸಿದಳು. ಅದು ಅವಳದೇ.

ಆಗ ಎಲ್ಲ ನೆನಪಾಯಿತು. ಹದಿನೇಳು ವರ್ಷದ ಹಿಂದೆ ಮೂರನೇ ಮಹಡಿಯಲ್ಲಿ ಪೈಪು ಒಡೆದು ಎರಡು ಕಪಾಟಿನ ಪುಸ್ತಕ ನೆನೆದಿದ್ದವು. ಮೊದಲು ಫಾರಂ ಜೋಡಿಸಬೇಕು, ಹೊಲಿಯಬೇಕು, ಆಮೇಲೆ ಅಂಚು ಕತ್ತರಿಸಬೇಕು, ಇದು ಕಸುಬಿನ ನಿಯಮ. ಆದರೆ ಬಿಡಿಸಿದ ಈ ಕಾದಂಬರಿಯ ಕೆಳ ಅಂಚಿಗೆ ಬೂಷ್ಟು ಹಿಡಿದಿತ್ತು. ಮೇಲಕ್ಕೆ ಹಬ್ಬೀತೆಂದು ಹೆದರಿ ಅವಳು ಮೊದಲೇ ಕತ್ತರಿಸಿದಳು. ಪುಟಸಂಖ್ಯೆ ಇದ್ದದ್ದು ಆ ಅಂಚಿನಲ್ಲೇ. ಅವೆಲ್ಲ ಕಸದ ಬುಟ್ಟಿಗೆ ಹೋದವು. ಪರವಾಗಿಲ್ಲ, ಫಾರಂಗಳು ಸಾಲಾಗಿಯೇ ಇವೆಯಲ್ಲ ಎಂದು ಮೇಜಿನ ಮೇಲೆ ಹರಡಿ, ಒಣಗಲು ಫ್ಯಾನು ಹಾಕಿ ಟೀ ಕುಡಿಯಲು ಹೋದಳು. ಬಂದು ನೋಡಿದರೆ ಎರಡು ಫಾರಂ ನೆಲಕ್ಕೆ ಬಿದ್ದಿವೆ. ಯಾವುದು ಮುಂದೆ, ಯಾವುದು ಹಿಂದೆ? ಆ ಭಾಷೆ ಓದಲು ಬರದು. ನೀರಿನ ಕಲೆ ಮುಂದಿನಿಂದ ಹಿಂದಕ್ಕೆ ಚಿಕ್ಕದಾಗುತ್ತ ಹೋಗಿತ್ತು. ಹಾಗಾಗಿ ದೊಡ್ಡ ಕಲೆಯದ್ದನ್ನು ಮುಂದಿಟ್ಟು, ಚಿಕ್ಕದನ್ನು ಹಿಂದಿಟ್ಟು ಹೊಲಿದುಬಿಟ್ಟಳು. ತನ್ನ ಜಾಣತನಕ್ಕೆ ಆವತ್ತು ತಾನೇ ಮೆಚ್ಚಿಕೊಂಡದ್ದೂ ನೆನಪಾಯಿತು. ಆಮೇಲೆ ಇಡೀ ಸಂಗತಿಯನ್ನೇ ಮರೆತಿದ್ದಳು. ಇಂಥದ್ದನ್ನು ಮರೆಯುವುದರಲ್ಲಿ ನಾವೆಲ್ಲರೂ ಪಳಗಿದವರೇ.

ಈಗ ಓದಲು ಬರುತ್ತಿತ್ತು. ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದಳು. ಒಂಬತ್ತನೆಯದು ಊಟದ ಫಾರಂ, ಹತ್ತನೆಯದು ಸಾವಿನ ಫಾರಂ. ಹತ್ತು ಮುಂದೆ ಬಂದು ಕೂತಿತ್ತು. ಅಪ್ಪ ಸತ್ತ ಮೇಲೆ ಬಂದವನಲ್ಲ. ಬಂದು, ಉಂಡು, ರಾಜಿಯಾಗಿ ಹೋದವನು ಮರುದಿನ ಸತ್ತವನು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಗಂಡ ಭೂತಗನ್ನಡಿ ತೆಗೆದ. ಅದನ್ನು ಅವನು ಮನೆಗೆ ನೆಂಟರು ಬಂದರೂ ತೆಗೆಯುವವನಲ್ಲ.

"ಹದಿನೇಳು ವರ್ಷ ಯಾರಿಗೂ ಗೊತ್ತಾಗಿಲ್ಲ ಅಲ್ವಾ? ಮುಳ್ಳು ಹಿಂದಕ್ಕೆ ತಿರುಗ್ತಿದ್ರೂ ಗಡಿಯಾರ ಓಡ್ತಾ ಇದೆ. ಬಿಟ್ಬಿಡು. ಮೇಡಂ ಮರ್ಯಾದೆ, ನಿನ್ ಮರ್ಯಾದೆ, ಎರಡೂ ಉಳಿಯುತ್ತೆ."

"ಮತ್ತೆ ಪರೀಕ್ಷೇಲಿ ಅದನ್ನೇ ಕೇಳಿದ್ರೆ?"

"ಬಾಯಿಪಾಠ ಮಾಡಿದ್ದನ್ನ ಒಪ್ಪಿಸು."

"ನನ್ ತಪ್ಪನ್ನ ನಾನೇ ಹೊಗಳ್ಕೊಂಡು ಪಾಸಾಗ್ಲಾ ರೀ?"

ಗಂಡ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. ಅತ್ತೆ ಮೂಲೆಯಿಂದ ಅಂದರು, "ಇಪ್ಪತ್ತಾರು ವರ್ಷ ಕೊಚ್ಕೊಂಡಿದ್ದು ಊರಿಗೆಲ್ಲ ಕೇಳಿಸ್ತು. ಇದನ್ನ ಒಬ್ಬಳ ಕಿವಿಗೆ ಹಾಕೋಕೆ ಇಷ್ಟ್ ಒದ್ದಾಡ್ತೀಯಲ್ಲೇ." ಹೇಳಿ, ಏನೂ ಆಗದವರಂತೆ ಬಟ್ಟೆ ಮಡಚತೊಡಗಿದರು.

ಮಾರನೇ ದಿನವೇ ರಟ್ಟಕ್ಕ ಮೇಡಂ ಕೋಣೆಗೆ ಹೋದಳು. ಅವಳ ಮುಖ ನೋಡಿದ ಮೇಡಂ ಇದು ಪರೀಕ್ಷೆಯ ಭಯವೇ ಸರಿ ಎಂದು ತೀರ್ಮಾನಿಸಿ, ಗಂಟಲಿಗೆ ಒಂದು ಪೆಪ್ಪರ್‌ಮಿಂಟು ಕೊಟ್ಟು, ಹತ್ತು ನಿಮಿಷ ಧೈರ್ಯ ಹೇಳಿ ಕಳಿಸಿದರು. ಬಾಯಲ್ಲಿ ಪೆಪ್ಪರ್‌ಮಿಂಟಿದ್ದದ್ದರಿಂದ ಒಂದು ಮಾತೂ ಆಡಲಾಗಲಿಲ್ಲ. ಇನ್ನೊಂದು ದಿನ ಮೆಟ್ಟಿಲ ಮೇಲೆ ಹಿಡಿದಳು. "ಮೇಡಂ, ಆ ಮೂರು ಮುರಿತ..." ಎನ್ನುವಷ್ಟರಲ್ಲಿ ಮೇಡಂ, "ಅದನ್ನೇ ಕೇಳ್ತಾರೆ, ರಟ್ಟಕ್ಕ! ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ನೀವೇ ನಮ್ ವಿಭಾಗದ ಮಾನ ಕಾಯ್ಬೇಕು," ಎಂದು ಭುಜ ತಟ್ಟಿ ಓಡಿದರು. ಮಾನ ಕಾಯಬೇಕಾದವಳು ಮೆಟ್ಟಿಲ ಕಟಕಟೆ ಹಿಡಿದುಕೊಂಡು ನಿಂತಳು. ಮೂರನೇ ಸಲ ಹೋಗುವ ಹೊತ್ತಿಗೆ ಅತಿಥಿ ಪರೀಕ್ಷಕರೇ ಬಂದಿಳಿದಿದ್ದರು. ಬಿಳಿ ಮೀಸೆ, ದೊಡ್ಡ ಚೀಲ, ಬಾಯಿ ತುಂಬ ಹೊಗಳಿಕೆ. ಅವರ ಎದುರು ಹೇಳುವುದೆಂದರೆ ಮೇಡಂ ಕುರ್ಚಿಯ ಕಾಲನ್ನೇ ಕೊಯ್ದಂತೆ. ರಟ್ಟಕ್ಕ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ನೆಲಮಾಳಿಗೆಗೆ ವಾಪಸಾದಳು.

ಪರೀಕ್ಷೆಯ ದಿನ ಅವಳದೇ ಕೊನೆಯ ಸರದಿ. ಒಳಗೆ ಎರಡು ಕುರ್ಚಿಯಲ್ಲಿ ಅವರಿಬ್ಬರು, ಎದುರಿನದರಲ್ಲಿ ಇವಳು. ಮೊದಲ ಎರಡು ಪ್ರಶ್ನೆಗಳಿಗೆ ನೀರು ಕುಡಿದಷ್ಟು ಸಲೀಸಾಗಿ ಉತ್ತರಿಸಿದಳು. ಮೇಡಂ ಮುಖ ಅರಳಿತು. ಅತಿಥಿಗಳು ಮುಂದಕ್ಕೆ ಬಾಗಿ, ಮೇಡಂಗೆ ಉಡುಗೊರೆ ಕೊಡುವವರಂತೆ ಒಮ್ಮೆ ಅವರತ್ತ ನೋಡಿ, ಇಟಾಲಿಯನ್ನಿನಲ್ಲಿ ಕೇಳಿದರು: "ಆ ಮೂರು ಮುರಿತಗಳ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ."

ಉತ್ತರ ರಟ್ಟಕ್ಕನ ನಾಲಗೆಯ ತುದಿಯಲ್ಲೇ ಇತ್ತು. ಅತ್ತೆ ಒಂದು ತಪ್ಪೂ ಇಲ್ಲವೆಂದು ಒಪ್ಪಿಸಿಕೊಂಡ ಉತ್ತರ. ಇನ್ನೊಂದು ಉತ್ತರವೂ ಇತ್ತು, ಅದು ನಿಜವಾದದ್ದು. ಒಂದನ್ನು ಹೇಳಿದರೆ ತನ್ನ ಮುಖ ತಾನು ನೋಡಿಕೊಳ್ಳುವಂತಿಲ್ಲ. ಇನ್ನೊಂದನ್ನು ಹೇಳಿದರೆ ಮೇಡಂ ಮುಖ ಯಾರೂ ನೋಡುವಂತಿಲ್ಲ. ಮೇಡಂ ಕೈ ಎರಡೂ ಆಗಲೇ ಮೇಜಿನಿಂದ ಅರ್ಧಕ್ಕೆ ಎದ್ದು, ಉತ್ತರವನ್ನು ಹಿಡಿದುಕೊಳ್ಳಲು ಕಾಯುತ್ತಿದ್ದವು.

"ನೋನ್ ಸೋ," ಎಂದಳು ರಟ್ಟಕ್ಕ. ಗೊತ್ತಿಲ್ಲ ಎಂದರ್ಥ. ಮೊದಲ ವರ್ಷದ ಮೊದಲ ಪಾಠದಲ್ಲಿ ಕಲಿಸುವ ಮಾತು.

ಅತಿಥಿಗಳು ಪ್ರಶ್ನೆಯನ್ನು ಸುಲಭ ಮಾಡಿ ಇನ್ನೊಮ್ಮೆ ಕೇಳಿದರು. ನೋನ್ ಸೋ. ಸತ್ತ ತಂದೆ ಊಟಕ್ಕೆ ಬರುವ ಸನ್ನಿವೇಶವಾದರೂ ನೆನಪಿದೆಯೇ? ನೋನ್ ಸೋ. ಆ ಪುಸ್ತಕದ ಮೇಲೆ ನಲವತ್ತು ಅಂಕ. ಒಂದೊಂದು ನೋನ್ ಸೋಗೂ ಹತ್ತು ಹತ್ತು ಹೋಗುವುದು ಅವಳಿಗೆ ಕಾಣಿಸುತ್ತಿತ್ತು. ಮೇಡಂ ಕೈ ನಿಧಾನವಾಗಿ ಕೆಳಗಿಳಿದವು.

ಅತಿಥಿಗಳು ಮಧ್ಯಾಹ್ನದ ರೈಲು ಹತ್ತಿದರು. ಅವರನ್ನು ಕಳಿಸಿ ಬಂದ ಮೇಡಂ ನೆಟ್ಟಗೆ ನೆಲಮಾಳಿಗೆಗೆ ಇಳಿದರು. ಅವರು ಸಿಟ್ಟಾದದ್ದನ್ನು ರಟ್ಟಕ್ಕ ನೋಡಿದ್ದು ಅದೇ ಮೊದಲು.

"ಏನಾಯ್ತು ನಿಮಗೆ? ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ರಲ್ಲ! ಯಾಕ್ ಹಾಗ್ ಮಾಡಿದ್ರಿ?"

ರಟ್ಟಕ್ಕ ಮೇಜಿನ ಮೇಲಿನ ಬಟ್ಟೆ ಸರಿಸಿದಳು. ಕಾದಂಬರಿ ಹೊಲಿಗೆ ಬಿಚ್ಚಿಕೊಂಡು ಫಾರಂ ಫಾರಂ ಆಗಿ ಮಲಗಿತ್ತು. ಇಪ್ಪತ್ತಾರು ವರ್ಷದ ಜಂಬವನ್ನು ನುಂಗಿಕೊಳ್ಳುವುದು ಸುಲಭವಲ್ಲ. ಒಂಬತ್ತನೇ, ಹತ್ತನೇ ಫಾರಂಗಳನ್ನು ಎತ್ತಿ ಮುಂದಿಟ್ಟಳು. ಆಮೇಲೆ ಬೂಷ್ಟು, ಕತ್ತರಿ, ಫ್ಯಾನು, ಟೀ, ನೀರಿನ ಕಲೆ, ಒಂದನ್ನೂ ಬಿಡದೆ ಹೇಳಿದಳು. "ಆ ಮೂರು ಮುರಿತ ಲೇಖಕರದ್ದಲ್ಲ ಮೇಡಂ. ನನ್ನದು. ಅವರ ಮುಂದೆ ಹೇಳೋಕೆ ಮನಸ್ಸು ಬರ್ಲಿಲ್ಲ."

ಮೇಡಂ ಆ ಎರಡು ಫಾರಂಗಳನ್ನು ತಿರುವಿ ನೋಡಿದರು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು. ಕುರ್ಚಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಹದಿನೇಳು ವರ್ಷ! ಅರವತ್ತು ಪುಟದ ಲೇಖನ! ಫ್ಯಾನಿನ ಗಾಳಿಗೆ!" ರಟ್ಟಕ್ಕನಿಗೂ ನಗು ಬಂತು. ನಗಬಹುದೋ ಬಾರದೋ ಗೊತ್ತಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಗು ನಿಂತ ಮೇಲೆ ಮೇಡಂ ಹತ್ತನೇ ಫಾರಂ ಕೈಗೆ ತೆಗೆದುಕೊಂಡರು. ಅದರ ಕೊನೆಯ ಸಾಲಿನಲ್ಲಿ ಮಗಳು ಅಪ್ಪನನ್ನು ಮಣ್ಣು ಮಾಡಿ ಮನೆಗೆ ಬಂದು, ದೀಪ ಹಚ್ಚಿ, ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾಳೆ. ಅಲ್ಲಿ ವಾಕ್ಯ ನಿಲ್ಲುತ್ತಿತ್ತು, ಮುಂದಿನ ಪುಟದಲ್ಲಿ ಅಪ್ಪ ಒಂಟಿ ಬೂಟಿನಲ್ಲಿ ನಿಂತಿರುತ್ತಿದ್ದ.

"ಈಗ ಇದರ ಮುಂದೆ ಯಾವುದು ಬರುತ್ತೆ?" ಎಂದು ಕೇಳಿದರು.

ರಟ್ಟಕ್ಕ ಹನ್ನೊಂದನೇ ಫಾರಂ ಕೊಟ್ಟಳು. ಮೇಡಂ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. "ಅದರಲ್ಲಿ ಒಂದನ್ನು ತಿರುಗಿ ಗೂಡಿನಲ್ಲಿಟ್ಟಳು."

ಪಕ್ಕದ ಕೋಣೆಯಲ್ಲಿ ಪಂಪು ಓಡುತ್ತಿತ್ತು. ಮೇಡಂ ಆ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು.

"ಅಂದ್ರೆ ಅವನು ವಾಪಸ್ ಬರೋದೇ ಇಲ್ಲ."

"ಇಲ್ಲ ಮೇಡಂ," ಎಂದಳು ರಟ್ಟಕ್ಕ. "ಅವನನ್ನ ಕರೆಸಿದ್ದು ನಾನು."

ಮೇಡಂ ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಮೊದಲೇ ಚೊಕ್ಕವಾಗಿತ್ತು. "ನಾನು ಇಟಲೀಲಿ ಓದ್ತಾ ಇದ್ದಾಗ ಅಪ್ಪ ಹೋಗಿದ್ದು," ಎಂದರು. "ನಾನು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಹೊರಡೋ ಮುಂಚೆ ಜಗಳ ಆಡಿದ್ದೆ ಅವರ ಹತ್ರ, ಏನೋ ಸಣ್ಣದಕ್ಕೆ. ಅದೇ ವರ್ಷ ಇಲ್ಲಿ ಕೆಲಸಕ್ಕೆ ಸೇರಿದೆ, ಈ ಪುಸ್ತಕ ಕೈಗೆ ಬಂತು. ಮಣ್ಣು ಮಾಡಿ ಬಂದ ಮೇಲೂ ಅಪ್ಪ ಊಟಕ್ಕೆ ಬರ್ತಾನೆ, ಉಪ್ಪಿಲ್ಲ ಅಂತ ಬೈತಾನೆ, ಜಗಳ ಬಿಡಿಸ್ಕೊಂಡು ಹೋಗ್ತಾನೆ. ವರ್ಷಕ್ಕೊಂದ್ಸಲ ಪಾಠ ಮಾಡೋವಾಗೆಲ್ಲ ನಂಗೆ..."

ರಟ್ಟಕ್ಕನಿಗೆ ತಪ್ಪು ಮಾಡಿದ್ದಕ್ಕೆ ಅಷ್ಟು ನೋವಾಗಿರಲಿಲ್ಲ, ಅದನ್ನು ತಿದ್ದಿದ್ದಕ್ಕೆ ಈಗ ನೋವಾಯಿತು. ಹೋಗಿ ಟೀ ತಂದುಕೊಟ್ಟಳು. ಹೋಗುವ ಮುಂಚೆ ಫ್ಯಾನು ಆರಿಸಲು ಮರೆಯಲಿಲ್ಲ.

ಮೇಡಂ ಅತಿಥಿಗಳಿಗೆ ತಾವೇ ಪತ್ರ ಬರೆದು, ಲೇಖನ ಹಿಂದಕ್ಕೆ ತೆಗೆದುಕೊಂಡಿದ್ದಾಗಿ ತಿಳಿಸಿದರು. ಅವರು ನಗುತ್ತಲೇ ಉತ್ತರಿಸಿದರಂತೆ: ತಮ್ಮ ವಿಶ್ವವಿದ್ಯಾಲಯದಲ್ಲಿ ಫಾರಂ ಎಣಿಸಬಲ್ಲ ವಿದ್ಯಾರ್ಥಿ ಒಬ್ಬರೂ ಇಲ್ಲ, ಇಂಥ ವಿಭಾಗವನ್ನು ಮುಚ್ಚಬಾರದೆಂದು ವರದಿ ಕಳಿಸುತ್ತಿದ್ದೇನೆ. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಸಾಹಿತ್ಯದಲ್ಲಿ ರಟ್ಟಕ್ಕ ಫೇಲು. ಮುಂದಿನ ವರ್ಷ ಮತ್ತೆ ಕೂರಬೇಕು. ಆ ವರ್ಷ ವಿಭಾಗಕ್ಕೆ ಸಿಕ್ಕಿದ್ದೂ ಒಂಬತ್ತೇ ಹೆಸರು. ಫೇಲಾದವರ ತಲೆಯೂ ಎಣಿಕೆಗೆ ಬರುತ್ತದೆಂಬ ನಿಯಮ ನೋಡಿ ಎಲ್ಲರಿಗೂ ಸಮಾಧಾನವಾಯಿತು. ಅತ್ತೆ ಮಾತ್ರ ಪಾಠ ಒಪ್ಪಿಸಿಕೊಂಡ ತಮಗೇ ಅವಮಾನವಾದಂತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಪಂಪು ರಿಪೇರಿಯವನು ಬಂದಾಗ ರಟ್ಟಕ್ಕ ದಬ್ಬಳ ಎತ್ತಿ ಹಿಡಿದು, "ಇಪ್ಪತ್ತೇಳು ವರ್ಷ. ಒಂದೇ ಒಂದು ಸಲ ಹಿಂದುಮುಂದಾಯ್ತು," ಎಂದಳು. ಅವನು ಮೊದಲಿನ ಜಂಬವೇ ಆಗಿದ್ದರೆ ಬೇಗ ಮುಗಿಯುತ್ತಿತ್ತಲ್ಲ ಎಂದುಕೊಳ್ಳುತ್ತ ಇಡೀ ಕತೆ ಕೇಳಿದ.

ಪುಸ್ತಕ ಸರಿಯಾದ ಸಾಲಿನಲ್ಲಿ ಹೊಲಿಸಿಕೊಂಡು ಮೇಲಿನ ಕಪಾಟಿಗೆ ಹೋಯಿತು. ತರಗತಿಯಲ್ಲೂ ಈಗ ಅದೇ ಸಾಲಿನಲ್ಲಿ ಪಾಠ ನಡೆಯುತ್ತದೆ. ಎರಡು ತಟ್ಟೆಯ ವಾಕ್ಯ ಬಂದಾಗ ಮೇಡಂ ಕೈಗಳು ಮೇಲೇಳುವುದಿಲ್ಲ. ಅದನ್ನು ಮಾತ್ರ ಅವರು ಸುಮ್ಮನೆ ಓದಿ ಮುಂದೆ ಹೋಗುತ್ತಾರೆ.

ಕೆಲವು ದಿನ ಕಳೆದ ಮೇಲೆ ಮೇಡಂ ಒಂದು ಜೆರಾಕ್ಸಿನ ಕಟ್ಟು ಹಿಡಿದುಕೊಂಡು ಕೆಳಗೆ ಬಂದರು. ಹಾಳೆಗಳ ಅಂಚಿನಲ್ಲಿ ಹದಿನೇಳು ವರ್ಷದ ಪೆನ್ಸಿಲ್ ಗುರುತುಗಳು.

"ಇದು ನನ್ನ ಪ್ರತಿ, ಮನೇಲಿ ಇಟ್ಕೊಳ್ಳೋಕೆ," ಎಂದರು ಬೇರೆ ಎಲ್ಲೋ ನೋಡುತ್ತ. "ಇದನ್ನ ಮೊದ್ಲಿನ ಹಾಗೇ ಬೈಂಡ್ ಮಾಡಿ ಕೊಡ್ತೀರಾ?"

ರಟ್ಟಕ್ಕ ಹೂಂ ಎಂದಳು. ಅವರು ಹೋದ ಮೇಲೆ ಕಪಾಟಿನಿಂದ ಒಳ್ಳೆಯ ನೀಲಿ ಬಟ್ಟೆ ಹುಡುಕಿ ತೆಗೆದಳು, ದಾರಕ್ಕೆ ಮೇಣ ಹಚ್ಚಿದಳು. ಹದಿನಾರು ಹದಿನಾರು ಪುಟ ಎಣಿಸಿ ಕಟ್ಟು ಮಾಡಿ, ಒಂಬತ್ತರ ಜಾಗದಲ್ಲಿದ್ದ ಹತ್ತನ್ನೂ ಹತ್ತರ ಜಾಗದಲ್ಲಿದ್ದ ಒಂಬತ್ತನ್ನೂ ಇದ್ದಲ್ಲೇ ಬಿಟ್ಟಳು. ಹಾಳೆ ಹಾಳೆಗೂ ಬೆರಳು ತೇವ ಮಾಡಿಕೊಂಡು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ನೋಡಿದಳು. ಎಲ್ಲವೂ ಸರಿಯಾಗಿ ತಪ್ಪಾಗಿದೆ ಎಂದು ಖಾತ್ರಿಯಾದ ಮೇಲೆ ದಬ್ಬಳ ಕೈಗೆತ್ತಿಕೊಂಡು ಹೊಲಿಯತೊಡಗಿದಳು.